ಎಡ ಪುಟದ ಸಾಲು

ಆ ಫೆಬ್ರವರಿಯಲ್ಲಿ ನಮ್ಮ ನಡುಮನೆಯ ಮಂಚದ ಮೇಲೆ ಕೂರಲು ಜಾಗವಿರಲಿಲ್ಲ. ಎಂ.ಎ. ಇತಿಹಾಸ ಓದುತ್ತಿದ್ದ ಅಂಚೆ ವಿದ್ಯಾರ್ಥಿಗಳು ಕಳಿಸಿದ ತೊಂಬತ್ತು ಅಸೈನ್‌ಮೆಂಟುಗಳು ಅಲ್ಲಿ ಬೀಡುಬಿಟ್ಟಿದ್ದವು. ಹತ್ತು ದಿನದಲ್ಲಿ ನೋಡಿ ಮುಗಿಸಬೇಕು. ಅಮ್ಮ ಪ್ರತಿ ಬೆಳಗ್ಗೆ ಕಸ ಗುಡಿಸುತ್ತಾ ಅವುಗಳ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ಮುಂದೆ ಹೋಗುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮೈಸೂರಿನ ಒಂದು ಕಾಲೇಜಿನ ಹಿಂಬದಿಯಲ್ಲಿ ನಡೆಯುತ್ತಿದ್ದ ಅಂಚೆ ಪಾಠ ಕೇಂದ್ರದಲ್ಲಿ ನಾನು ಅರೆಕಾಲಿಕ ಅಧ್ಯಾಪಕಿ. ಆ ಕೇಂದ್ರ ಈಗ ಇಲ್ಲ. ದೂರದೂರದಲ್ಲಿ ಕೆಲಸ ಮಾಡಿಕೊಂಡೇ ಓದುವವರಿಗೆ ಪಾಠದ ಪುಸ್ತಕಗಳನ್ನು ಅಂಚೆಯಲ್ಲಿ ಕಳಿಸುವುದು, ಅವರು ಬರೆದು ಕಳಿಸಿದ್ದನ್ನು ತಿದ್ದುವುದು, ಶನಿವಾರಗಳಲ್ಲಿ ಸಂಪರ್ಕ ತರಗತಿ ನಡೆಸುವುದು ನಮ್ಮ ಕೆಲಸ. ಜೂನ್ ಬಂದರೆ ನನ್ನ ನೇಮಕ ಮತ್ತೆ ಹೊಸದಾಗಿ ಆಗಬೇಕು. ಪ್ರತಿ ಜೂನೂ ಅಷ್ಟೇ.

ಅಸೈನ್‌ಮೆಂಟುಗಳ ಹಿಂದಿನ ವರ್ಷದ ಅವಸ್ಥೆ ಹೇಳಿಕೊಂಡರೆ ನಾಚಿಕೆ. ಪಾಠದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಇದ್ದದ್ದು ಇದ್ದ ಹಾಗೇ ಇಳಿಸಿಬಿಡುತ್ತಿದ್ದರು. ಒಬ್ಬ ಮಹಾನುಭಾವರು ‘ಈ ಹಿಂದಿನ ಘಟಕದಲ್ಲಿ ನಾವು ನೋಡಿದಂತೆ’ ಎನ್ನುವುದನ್ನೂ ಬಿಡದೆ ನಕಲು ಮಾಡಿದ್ದರು. ಇನ್ನೊಬ್ಬರು ಕೊನೆಯಲ್ಲಿ ‘ಆಕರ: ಪಾಠದ ಪುಸ್ತಕ, ಪುಟ: ಎಲ್ಲಾ’ ಎಂದು ಬರೆದು ಕೈತೊಳೆದುಕೊಂಡಿದ್ದರು. ಅವರನ್ನು ಪ್ರಾಮಾಣಿಕರೆನ್ನಬೇಕೋ ಸೋಮಾರಿಗಳೆನ್ನಬೇಕೋ ನನಗೆ ಇವತ್ತಿಗೂ ತಿಳಿಯದು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಸಭೆಯಲ್ಲಿ ಎದ್ದು ನಿಂತು ಕೂಗಾಡಿ, ಇನ್ನು ಮುಂದೆ ಕದ್ದು ಬರೆದವರಿಗೆ ‘ನಕಲು’ ಎಂದು ಮೊಹರು ಹಾಕಿ ತಿರಸ್ಕರಿಸಬೇಕು, ಪರೀಕ್ಷೆಗೆ ಹಾಲ್ ಟಿಕೆಟ್ ಕೊಡಬಾರದು ಎಂದು ನಿಯಮ ಮಾಡಿಸಿದವಳೇ ನಾನು. ಅದಕ್ಕೆ ಎರಡು ಪುಟದ ಸುತ್ತೋಲೆಯನ್ನೂ ನಾನೇ ಬರೆದೆ. ಬೇರೆಯವರ ಮಾತನ್ನು ಇದ್ದ ಹಾಗೆ ತೆಗೆದುಕೊಂಡರೆ ಉದ್ಧರಣ ಚಿಹ್ನೆಯೊಳಗೆ ಇಡಿ. ಅಡಿಟಿಪ್ಪಣಿಯಲ್ಲಿ ಲೇಖಕರು, ಪುಸ್ತಕ, ಊರು, ವರ್ಷ, ಪುಟ ಕೊಡಿ. ನಿಮ್ಮ ಮಾತಿನಲ್ಲಿ ಹೇಳಿದರೂ ವಿಚಾರ ಅವರದಾದರೆ ಆಕರ ಬೇಕೇ ಬೇಕು. ನಡುವೆ ಎರಡು ಪದ ಬದಲಾಯಿಸಿದರೆ ಅದು ನಿಮ್ಮ ಮಾತಾಗುವುದಿಲ್ಲ. ಪುಸ್ತಕ ಮುಚ್ಚಿಟ್ಟು, ಅರ್ಥವಾದದ್ದನ್ನು ಬರೆದು, ಆಮೇಲೆ ತೆರೆದು ಹೋಲಿಸಿ ನೋಡಿ. ಪಾಠದಲ್ಲಿ ಓದಿದ ಮಾತಿಗೆ ಪಾಠವನ್ನೇ ಆಕರವಾಗಿ ಕೊಡಬೇಡಿ, ಸಿಕ್ಕಿದರೆ ಮೂಲಕ್ಕೇ ಹೋಗಿ. ಕೊನೆಯ ಈ ವಾಕ್ಯ ಬರೆದಾಗ ಎಷ್ಟು ಚೆನ್ನಾಗಿ ಹೇಳಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ತಿದ್ದುವ ಕ್ರಮ ಹೀಗೆ: ಎಡಗಡೆ ಪಾಠದ ಪುಸ್ತಕ, ಬಲಗಡೆ ಅಸೈನ್‌ಮೆಂಟು, ಕೈಯಲ್ಲಿ ಪೆನ್ಸಿಲ್. ಮೊದಲು ಅಡಿಟಿಪ್ಪಣಿಗಳನ್ನು ಓದುತ್ತಿದ್ದೆ. ಆಮೇಲೆ ಬರಹ. ವಾಕ್ಯಗಳು ಇದ್ದಕ್ಕಿದ್ದಂತೆ ಚೆಂದವಾದರೆ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಪಾಠದೊಳಗೆ ಹುಡುಕುವುದು. ಮೂರು ಸಾಲು ಹಾಗೇ ಸಿಕ್ಕಿದರೆ ಕೆಂಪು ಶಾಯಿ. ಆ ವರ್ಷ ಎಲ್ಲರಿಗೂ ಕೊಟ್ಟ ವಿಷಯ ಹಳೆಯ ಮೈಸೂರು ಸೀಮೆಯ ಕೆರೆಗಳ ನಿರ್ವಹಣೆ. ಅದಕ್ಕೆ ಸಂಬಂಧಿಸಿದ ಏಳನೇ ಘಟಕ ಬರೆದವಳು ನಾನೇ.

ಆ ಘಟಕದಲ್ಲಿ ಒಂದು ಪ್ಯಾರಾ ಇತ್ತು. ಕೆರೆಯ ತೂಬು ತೆಗೆದು ಗದ್ದೆಗದ್ದೆಗೂ ನೀರು ಹಂಚುವ ನೀರಗಂಟಿಯ ಬಗ್ಗೆ. ಪಂಕ್ತಿಯ ಕೊನೆಯವನಿಗೂ ಸಾರು ಉಳಿಯುವಂತೆ ಬಡಿಸುವವನು ಅವನು, ಎಂದು ಬರೆದಿದ್ದೆ. ಕೇಂದ್ರದ ಸಂಯೋಜಕರು ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, “ನೋಡ್ರಪ್ಪಾ, ಪಾಠ ಬರೆಯೋದು ಅಂದ್ರೆ ಇದು” ಎಂದಿದ್ದರು. ಸಂಪರ್ಕ ತರಗತಿಗಳಲ್ಲಿ ವಿದ್ಯಾರ್ಥಿಗಳು ಅದನ್ನು ನನಗೇ ಒಪ್ಪಿಸುತ್ತಿದ್ದರು. ಹಿಗ್ಗದೆ ಇರುವಷ್ಟು ದೊಡ್ಡವಳಲ್ಲ ನಾನು.

ಅರವತ್ತು ಚಿಲ್ಲರೆ ಮುಗಿದಿರಬೇಕು, ಒಂದು ಅಸೈನ್‌ಮೆಂಟು ಬಂತು. ಗುಂಡಗಿನ ಅಕ್ಷರ, ಸ್ಕೇಲಿಟ್ಟು ಎಳೆದ ಅಂಚು. ಹೂಟಗಳ್ಳಿಯ ಕಡೆಯ ಪ್ರೈಮರಿ ಶಾಲೆಯ ಟೀಚರ್ ಒಬ್ಬರದು. ಮೂರನೇ ಪುಟದಲ್ಲಿ ನನ್ನ ಸಾಲು ಕೂತಿತ್ತು! ಉದ್ಧರಣ ಚಿಹ್ನೆಯೊಳಗೆ, ಬಲು ಮರ್ಯಾದೆಯಿಂದ. ಆದರೆ ಅಡಿಟಿಪ್ಪಣಿಯಲ್ಲಿ ನನ್ನ ಪಾಠದ ಹೆಸರಿಲ್ಲ. ಯಾರೋ ನಿವೃತ್ತ ಶಾನುಭೋಗರು ಬರೆದ, ನಾನು ಕೇಳಿಯೇ ಇಲ್ಲದ ಒಂದು ಪುಸ್ತಕದ ಹೆಸರು, ಲೇಖಕರೇ ಅಚ್ಚು ಹಾಕಿಸಿದ್ದು ಎಂಬ ಟಿಪ್ಪಣಿ, ಪುಟ ನಲವತ್ತಮೂರು. ಸಾಲದ್ದಕ್ಕೆ ನನ್ನ ಸಾಲಿನ ತುದಿಗೆ ಒಂದು ಬಾಲ ಬೇರೆ: ಬಡಿಸುವವನು, ‘ತಾನು ಕೊನೆಗೆ ಉಣ್ಣುವವನು’.

ಮೈಯೆಲ್ಲ ಉರಿದುಹೋಯಿತು. ಕದಿಯುವುದು ಒಂದು ತಪ್ಪು. ಕದ್ದದ್ದಕ್ಕೆ ಸುಳ್ಳು ಯಜಮಾನನನ್ನು ಹುಟ್ಟಿಸುವುದು ಇನ್ನೊಂದು. ಸುತ್ತೋಲೆ ಓದಿ, ಪಾಠವನ್ನು ಆಕರ ಕೊಡಬೇಡಿ ಎಂದದ್ದಕ್ಕೆ, ಒಂದು ಪುಸ್ತಕವನ್ನೇ ಸೃಷ್ಟಿ ಮಾಡಿದ್ದಾಳಲ್ಲ ಈಕೆ! ಬಾಲದ ಕೆಳಗೆ ಕೆಂಪು ಗೆರೆ ಎಳೆದು ‘ಇದು ಸೇರಿಸಿದ್ದು’ ಎಂದು ಬರೆದೆ. ಅಂಚಿನಲ್ಲಿ ‘ಸುಳ್ಳು ಆಕರ’. ಮುಖಪುಟದ ಮೇಲೆ ಮೊಹರನ್ನು ಎಷ್ಟು ಜೋರಾಗಿ ಒತ್ತಿದೆನೆಂದರೆ ಅಮ್ಮ ಅಡುಗೆಮನೆಯಿಂದ “ಏನೇ ಅದು, ಜಿರಲೆಯಾ?” ಎಂದು ಕೇಳಿದರು.

ಶನಿವಾರ ಸಂಪರ್ಕ ತರಗತಿ ಮುಗಿಸಿ ಹೊರಗೆ ಬಂದರೆ ಆ ಟೀಚರ್ ಜಗುಲಿಯಲ್ಲಿ ನಿಂತಿದ್ದರು. ಮೂವತ್ತೈದರ ಆಸುಪಾಸು. ಕೈಯಲ್ಲಿ ತಿರಸ್ಕಾರದ ಚೀಟಿ. ಸೆರಗಿನ ತುದಿಯಲ್ಲಿ ಸೀಮೆಸುಣ್ಣದ ಪುಡಿ ಇನ್ನೂ ಇತ್ತು. ಬೆಳಗಿನ ಶಾಲೆ ಮುಗಿಸಿ ನೇರ ಬಸ್ ಹಿಡಿದು ಬಂದಿದ್ದರು.

“ಮೇಡಂ, ನಾನು ನಿಮ್ಮ ಸುತ್ತೋಲೆ ಪಕ್ಕದಲ್ಲಿಟ್ಕೊಂಡೇ ಬರ್ದಿದ್ದು. ನಕಲು ಮಾಡಿಲ್ಲ ಮೇಡಂ.”

“ನಕಲು ಮಾಡಿಲ್ವಾ? ಆ ಸಾಲು ಏಳನೇ ಘಟಕದಲ್ಲಿಲ್ವಾ ಹಾಗಾದ್ರೆ?”

“ಇದೆ ಮೇಡಂ.”

“ಮತ್ತೆ?”

ಆಕೆ ನೆಲ ನೋಡಿದರು. “ಪುಸ್ತಕದಲ್ಲೂ ಇದೆ ಮೇಡಂ.”

“ನಾನು ಬರೆದ ಸಾಲು ಹಳೇ ಪುಸ್ತಕಕ್ಕೆ ಹೋಗಿ ಹೇಗ್ರೀ ಕೂತ್ಕೊಳ್ಳುತ್ತೆ?”

“ಅದು ನಂಗೆ ಗೊತ್ತಿಲ್ಲ ಮೇಡಂ.” ಗೊತ್ತಿತ್ತು. ಗೊತ್ತಿದ್ದೂ ಹೇಳಲಾರದೆ ನಿಂತಿದ್ದರು ಎಂದು ನನಗೆ ತಿಳಿದದ್ದು ಆಮೇಲೆ.

ಪುಸ್ತಕ ತಂದು ತೋರಿಸಿ ಎಂದೆ. ಹೊರಗೆ ಕೊಡುವುದಿಲ್ಲ, ಲಷ್ಕರ್ ಮೊಹಲ್ಲಾದ ಹಳೆಯ ವಾಚನಾಲಯದ ಬೀರುವಿನಲ್ಲಿದೆ, ಭಾನುವಾರಗಳಲ್ಲಿ ಅಲ್ಲೇ ಕೂತು ಬರೆದುಕೊಂಡೆ ಎಂದರು. “ನೀವೇ ಒಂದ್ಸಲ ಬಂದು ನೋಡ್ಬುಡಿ ಮೇಡಂ. ನನ್ನ ರಿಜಿಸ್ಟ್ರೇಷನ್ನು ಈ ವರ್ಷಕ್ಕೇ ಕೊನೆ. ಈ ಸಲ ಪರೀಕ್ಷೆ ತಪ್ಪಿದ್ರೆ ಪಾಸು ಮಾಡಿರೋ ಮೊದಲ್ನೇ ವರ್ಷಾನೂ ಬಿದ್ದೋಗುತ್ತೆ. ಮತ್ತೆ ಮೊದಲಿಂದ ಓದೋಕೆ ನಂಗೆ ಆಗಲ್ಲ.” ಅಳಲಿಲ್ಲ. ಮಕ್ಕಳಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲೇ ಹೇಳಿದರು. ಪರೀಕ್ಷೆಗೆ ಕೂರುವವರ ಪಟ್ಟಿ ಮುಂದಿನ ಶುಕ್ರವಾರ ವಿಶ್ವವಿದ್ಯಾಲಯಕ್ಕೆ ಹೋಗುವುದಿತ್ತು.

ಆ ವಾಚನಾಲಯ ನನಗೆ ಗೊತ್ತಿತ್ತು. ಎಂ.ಫಿಲ್. ಮಾಡುವಾಗ ಅದೇ ಮೊಹಲ್ಲಾದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಸಂಜೆಗಳನ್ನು ಕಳೆದದ್ದು ಅದೇ ವಾಚನಾಲಯದ ಬೆಂಚಿನ ಮೇಲೆ. ಆದರೂ ಆಕೆಯ ಮುಂದೆ “ನೋಡೋಣ” ಎಂದಷ್ಟೇ ಹೇಳಿ, ಲೂನಾ ಹತ್ತಿ ಮನೆಗೆ ಬಂದೆ.

ಭಾನುವಾರ ಬೆಳಗ್ಗೆ ಅಟ್ಟ ಹತ್ತಿದೆ. ಟ್ರಂಕು ಇಳಿಸಿ ಹಳೆಯ ನೋಟ್ಸೆಲ್ಲ ನಡುಮನೆಯಲ್ಲಿ ಹರವಿಕೊಂಡು ಕೂತೆ. ಕೂತೆ ಎನ್ನುವುದೂ ತಪ್ಪು, ಎದ್ದೆ, ಕೂತೆ, ಕಿಟಕಿಗೆ ಹೋದೆ, ಮತ್ತೆ ಬಂದೆ. ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದವಳನ್ನು ನೋಡಿ ಅಮ್ಮ ಕಾಫಿ ಲೋಟ ಕುಕ್ಕಿದರು.

“ಚಿಕ್ಕೋಳಿದ್ದಾಗ್ಲೂ ಹಿಂಗೇ ಕಣೇ ನೀನು. ಬೇರೆಯೋರ ತಪ್ಪು ಮೈಲಿ ದೂರದಿಂದ ಕಾಣೋದು. ನಿನ್ನ ಚಪ್ಪಲಿ ಎಲ್ಲಿ ಬುಟ್ಟಿದ್ದೀಯ ಅಂತ ಮಾತ್ರ ಊರೆಲ್ಲಾ ಹುಡುಕ್ಬೇಕಿತ್ತು.”

ನೋಟ್ಸ್ ಬರೆಯುವುದಕ್ಕೆ ನನ್ನ ಮಾರ್ಗದರ್ಶಕರು ಒಂದು ಕ್ರಮ ಹಾಕಿಕೊಟ್ಟಿದ್ದರು. ಬಿಚ್ಚಿದ ನೋಟ್‌ಬುಕ್ಕಿನ ಬಲ ಪುಟ ಪುಸ್ತಕದ್ದು, ಎಡ ಪುಟ ನಿನ್ನದು. ಪುಸ್ತಕದ ಮಾತನ್ನು ಬಲಗಡೆ ಅಕ್ಷರ ಬಿಡದೆ ಇಳಿಸು. ಅದನ್ನು ಓದುವಾಗ ನಿನಗೆ ಹೊಳೆದದ್ದನ್ನು ಎದುರಿಗೆ ಎಡಗಡೆ ಬರೆ. ಎರಡನ್ನೂ ಕಲಸಿದೆಯೋ, ಕೆಟ್ಟೆ. ಆಗ ಜೆರಾಕ್ಸ್ ಮಾಡಿಸುವಷ್ಟು ಅನುಕೂಲ ಯಾರಿಗಿತ್ತು? ಎಲ್ಲವೂ ಕೈಬರಹ. ಆ ಕ್ರಮ ನನಗೆ ಸಂಧ್ಯಾವಂದನೆಯಷ್ಟು ರೂಢಿಯಾಗಿತ್ತು. ಏಳನೇ ಘಟಕವನ್ನು ಒಂದೇ ತಿಂಗಳಲ್ಲಿ ಬರೆದುಕೊಡಬೇಕಾಗಿ ಬಂದಾಗ ನಾನು ಎಡ ಪುಟಗಳನ್ನಷ್ಟೇ ಧೈರ್ಯವಾಗಿ ಎತ್ತಿಕೊಂಡಿದ್ದೆ. ಅವು ನನ್ನವಲ್ಲವೇ?

ಹನ್ನೊಂದು ಗಂಟೆಗೆ ಆ ಸಾಲು ಸಿಕ್ಕಿತು. ಎಡ ಪುಟದ ನೆತ್ತಿಯಲ್ಲೇ! ‘ಪಂಕ್ತಿಯ ಕೊನೆಯವನಿಗೂ ಸಾರು ಉಳಿಯುವಂತೆ ಬಡಿಸುವವನು ಅವನು.’ ಅಬ್ಬಾ, ನನ್ನದೇ! ನೋಟ್‌ಬುಕ್ಕನ್ನು ಅಮ್ಮನ ಮುಖಕ್ಕೆ ಹಿಡಿದು ತೋರಿಸಿದೆ. ಅವರಿಗೆ ಏನೂ ಅರ್ಥವಾಗದೆ “ಸರಿ, ಇನ್ನಾದ್ರೂ ಸ್ನಾನ ಮಾಡು” ಎಂದರು. ಸ್ನಾನ ಮಾಡಿ, ಎರಡು ಚಪಾತಿ ತಿಂದು, ಉಳಿದ ಅಸೈನ್‌ಮೆಂಟುಗಳಲ್ಲಿ ನಾಲ್ಕನ್ನು ತಿದ್ದಿದೆ.

ಐದನೆಯದನ್ನು ತಿದ್ದಲಾಗಲಿಲ್ಲ. ಆಕೆ ನೆಲ ನೋಡಿದ್ದು ಕಣ್ಣಿಗೆ ಬರುತ್ತಿತ್ತು. ಸುಳ್ಳು ಹೇಳುವವರು ನೆಲ ನೋಡುತ್ತಾರೆ, ಸರಿ. ಆದರೆ ಮಕ್ಕಳ ಸುಳ್ಳು ಹಿಡಿಯುವ ಟೀಚರು ಇಷ್ಟು ಸುಲಭವಾಗಿ ಸಿಕ್ಕಿಬೀಳುವ ಸುಳ್ಳು ಬರೆದಾರೇ? ಅದೂ ಪುಟ ಸಂಖ್ಯೆ ಸಮೇತ? ಮತ್ತೆ ನೋಟ್‌ಬುಕ್ ತೆಗೆದೆ. ಈ ಸಲ ಹಾಳೆ ತಿರುವಿ ಹಿಂದಕ್ಕೆ ಹೋದೆ. ಅದೇ ಹಾಳೆಯ ಬೆನ್ನು, ಅಂದರೆ ಹಿಂದಿನ ಬಲ ಪುಟ. ತುಂಬಿ ತುಳುಕಿತ್ತು. ಅಕ್ಷರಗಳು ಕೆಳಕೆಳಗೆ ಬಂದಂತೆ ಸಣ್ಣಗಾಗಿ, ಓಡಿ, ಕೊನೆಯ ಸಾಲು ಅರ್ಧಕ್ಕೇ ನಿಂತಿತ್ತು: ‘ನೀರಗಂಟಿಯನ್ನು ಒಂದು ಮಾತಿನಲ್ಲಿ ಹೇಳುವುದಾದರೆ’.

ಅಲ್ಲಿಗೆ ಬಲ ಪುಟ ಮುಗಿದಿತ್ತು. ಮಾತು ಮುಗಿದಿರಲಿಲ್ಲ.

ಆ ಸಂಜೆ ನೆನಪಾಗಲಿಲ್ಲ, ಆದರೆ ಆಗಿದ್ದೇನೆಂದು ಊಹಿಸುವುದು ಕಷ್ಟವಲ್ಲ. ವಾಚನಾಲಯ ನೋಡಿಕೊಳ್ಳುವ ಮುದುಕರು ಕಿಟಕಿ ಮುಚ್ಚಲು ಶುರುಮಾಡಿದ್ದಾರೆ. ನಾನು ಗಡಿಬಿಡಿಯಲ್ಲಿ ಹಾಳೆ ಮಗುಚಿ, ಎಡ ಪುಟ ಬಿಟ್ಟು ಮುಂದಿನ ಬಲ ಪುಟಕ್ಕೆ ಹೋಗಬೇಕಾದವಳು, ಮಗುಚಿದಲ್ಲೇ ಬರೆದಿದ್ದೇನೆ. ಒಂದೂವರೆ ಸಾಲು, ಅಷ್ಟೇ. ಪುಸ್ತಕ ಯಾವುದು ಎಂದು ನೋಡಲು ಆ ಭಾಗದ ಮೊದಲ ಪುಟಕ್ಕೆ ಹೋದೆ. ತಲೆಬರಹದಲ್ಲಿ ಹೀಗಿತ್ತು: ‘ಹಸಿರು ರಟ್ಟು, ಕೆರೆ ಪುಸ್ತಕ. ಲೇಖಕರು, ಪುಟ, ಆಮೇಲೆ ನೋಡಿ ತುಂಬುವುದು.’ ತುಂಬಿರಲಿಲ್ಲ. ನನ್ನ ಎಂ.ಫಿಲ್. ಬೇರೆ ವಿಷಯಕ್ಕೆ ತಿರುಗಿದ ಮೇಲೆ ಆ ನೋಟ್‌ಬುಕ್ ಟ್ರಂಕು ಸೇರಿ, ಪಾಠ ಬರೆಯುವಾಗ ಎದ್ದು ಬಂದಿತ್ತು.

ಆಗಲೇ ಎದ್ದು ಲಷ್ಕರ್ ಮೊಹಲ್ಲಾಕ್ಕೆ ಹೋಗಬಹುದಿತ್ತು, ಭಾನುವಾರ ವಾಚನಾಲಯ ತೆರೆದಿರುತ್ತದೆ. ಹೋಗಲಿಲ್ಲ. ಹೆದರಿಕೆಯಾಗಿತ್ತು. ಸೋಮವಾರ ಹೋದೆ. ಸೋಮವಾರ ರಜೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೀಗ ನೋಡಿ ಬರಲಿಕ್ಕೇ ಹೋದೆನೋ ಏನೋ. ಮಂಗಳವಾರ ತೆರೆದಿತ್ತು, ಆದರೆ ಆ ಬೀರುವಿನ ಬೀಗದ ಕೈ ಕಾರ್ಯದರ್ಶಿಗಳ ಹತ್ತಿರ, ಕಾರ್ಯದರ್ಶಿಗಳು ನಂಜನಗೂಡಿಗೆ ಹೋಗಿದ್ದರು. ಅವತ್ತು ಮೂರು ಕಡೆ ಟೀ ಕುಡಿದೆ, ಗಡಿಯಾರ ಗೋಪುರದ ಸುತ್ತ ಕಾರಣವಿಲ್ಲದೆ ಎರಡು ಸುತ್ತು ಹಾಕಿದೆ. ಮನೆಯಲ್ಲಿ ಸಾಂಬಾರಿಗೆ ಉಪ್ಪು ಎರಡು ಸಲ ಬಿತ್ತು.

ಬುಧವಾರ ಬೀಗದ ಕೈ ಬಂತು. ವಾಚನಾಲಯದ ಮುದುಕರು ಮೊದಲು ನನ್ನ ಮುಂದೆ ರಿಜಿಸ್ಟರ್ ತಳ್ಳಿದರು.

“ಸೈನ್ ಮಾಡಮ್ಮ. ಯಾವ ಪುಸ್ತಕ ಬೇಕಾಗಿತ್ತು?”

ಹೆಸರು ಹೇಳಿದೆ.

“ಅಯ್ಯೋ, ಆ ಅಸಿರು ರಟ್ಟಿಂದಾ? ಇಷ್ಟು ವರ್ಸ ಯಾರೂ ಮುಟ್ಟಿರ್ನಿಲ್ಲ ಕಣವ್ವ. ಈಗ ಒಬ್ರು ಟೀಚರಮ್ಮ ಪ್ರತಿ ಬಾನುವಾರ ಬತ್ತಾರೆ. ಮೊದಲ್ನೇ ದಿವ್ಸ ಧೂಳು ಒರ್ಸಿ ಕೊಟ್ಟಿದ್ದೂ ಅವ್ರೇ.”

ರಿಜಿಸ್ಟರಿನಲ್ಲಿ ಅದೇ ಗುಂಡಗಿನ ಅಕ್ಷರ. ಒಂಬತ್ತು ಭಾನುವಾರ. ಬಂದ ಹೊತ್ತು, ಹೋದ ಹೊತ್ತು ಸಮೇತ. ಬಸ್ಸಿನಲ್ಲಿ ಬಂದು, ಪುಸ್ತಕ ಒರೆಸಿ, ಮಧ್ಯಾಹ್ನದ ಊಟವನ್ನೂ ಬಿಟ್ಟು ಕೂತಿದ್ದ ಒಂಬತ್ತು ಭಾನುವಾರಗಳ ಮೇಲೆ ನಾನು ಒಂದೇ ಏಟಿಗೆ ಮೊಹರು ಒತ್ತಿದ್ದೆ.

ಪುಟ ನಲವತ್ತಮೂರು. ಕೆಳಗಿನಿಂದ ಆರನೇ ಸಾಲು. ‘ನೀರಗಂಟಿಯನ್ನು ಒಂದು ಮಾತಿನಲ್ಲಿ ಹೇಳುವುದಾದರೆ’ ಎಂದು ಶುರುವಾಗಿ, ಪಂಕ್ತಿ, ಸಾರು, ಬಡಿಸುವವನು ಎಲ್ಲ ಬಂದು, ಕೊನೆಗೆ ಆ ಬಾಲ. ತಾನು ಕೊನೆಗೆ ಉಣ್ಣುವವನು. ಆ ಬಾಲ ನನ್ನ ನೋಟ್‌ಬುಕ್ಕಿನಲ್ಲಿರಲಿಲ್ಲ; ಕಿಟಕಿ ಮುಚ್ಚುವ ಗಡಿಬಿಡಿಯಲ್ಲಿ ಬಿಟ್ಟುಬಿಟ್ಟಿದ್ದೆ. ಹಾಗಾಗಿ ನನ್ನ ಪಾಠದಲ್ಲೂ ಇರಲಿಲ್ಲ. ಆಕೆ ಪಾಠದಿಂದ ಕದ್ದಿದ್ದರೆ ಆ ಮೂರು ಪದ ಆಕೆಗೆ ಸಿಗುತ್ತಲೇ ಇರಲಿಲ್ಲ. ಸಾಕ್ಷಿ ನನ್ನ ಕೈಯಲ್ಲೇ ಇತ್ತು, ಅದರ ಕೆಳಗೇ ನಾನು ಕೆಂಪು ಗೆರೆ ಎಳೆದಿದ್ದೆ. ಅಂಚೆ ವಿದ್ಯಾರ್ಥಿಗಳಿಗೆ ‘ಹೋಲಿಸಿ ನೋಡಿ’ ಎಂದು ಉಪದೇಶ ಮಾಡಿದ ನಾನು ಹೋಲಿಸಿ ನೋಡಿದ್ದು ಒಂದೇ ಕಡೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಹಾಗೆ. ಬರೆ ಹಾಕಿದ ಕೈಯೂ ನನ್ನದೇ, ಜ್ವರವೂ ನನ್ನದೇ.

ಗುರುವಾರ ಸಂಯೋಜಕರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಯಾರಿಗೂ ತೊಂದರೆ ಆಗಬಾರದು ಎಂದು ಬದುಕುವವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಒಳ್ಳೇ ಕಥೆ ಕಣ್ರೀ ನಿಮ್ದು. ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ದೀರಾ?”

“ಇಲ್ಲ ಸಾರ್.”

“ಹೇಳ್ಬೇಡಿ. ಕಣ್ತಪ್ಪು ಅಂತ ಬರೆದು ಮಾರ್ಕ್ಸ್ ಹಾಕ್ಬುಡಿ.”

“ಕಣ್ತಪ್ಪು ಅಂದ್ರೆ ಆಗಲ್ಲ ಸಾರ್. ಒಂದ್ಸಲ ಮೊಹರು ಬಿದ್ದದ್ದು ವಿಶ್ವವಿದ್ಯಾಲಯದ ಸಮಿತಿಗೆ ಹೋಗುತ್ತೆ. ಅವರು ಪಾಠ, ಅಸೈನ್‌ಮೆಂಟು ಎರಡೂ ಇಟ್ಟು ನೋಡ್ತಾರೆ. ಒಂದೇ ಸಾಲು ಎರಡು ಕಡೆ ಇದ್ರೆ ಯಾರದು ಮೊದಲು ಅಂತ ಕೇಳೇ ಕೇಳ್ತಾರೆ.” ಆ ಕಟ್ಟುನಿಟ್ಟನ್ನೂ ಮಾಡಿಸಿದವಳು ನಾನೇ ಎಂದು ಅವರು ಹೇಳಲಿಲ್ಲ. ಮುಖದಲ್ಲಿ ಮಾತ್ರ ಬರೆದಿತ್ತು.

ಆಮೇಲೆ ಅವರೇ ಒಂದು ದಾರಿ ಹೇಳಿದರು. ಆ ಅಸೈನ್‌ಮೆಂಟು ಇನ್ನೂ ನಮ್ಮ ಕಚೇರಿಯಲ್ಲೇ ಇದೆ. ಆ ಟೀಚರನ್ನು ಕರೆಸಿ, ಆ ಪ್ಯಾರಾ ತೆಗೆದು ಹೊಸದಾಗಿ ಬರೆದುಕೊಡಲು ಹೇಳುವುದು. ಹಳೆಯದನ್ನು ಹರಿದುಹಾಕುವುದು. ಮೊಹರು ಬಿದ್ದೇ ಇಲ್ಲ ಎಂದಾಗುತ್ತದೆ. “ಅವರ ಪರೀಕ್ಷೇನೂ ಉಳೀತು, ನಿಮ್ಮ ಜೂನೂ ಉಳೀತು. ಪಾಠದ ವಿಷ್ಯ ಯಾಕೆ ಕೆದಕ್ತೀರಾ? ಶಾನುಭೋಗರು ಎದ್ದು ಬಂದು ಕೇಳ್ತಾರಾ?”

ನಿಜ ಹೇಳುತ್ತೇನೆ, ನನಗೆ ಆ ದಾರಿ ಹಿಡಿಸಿತು. ನಾಲ್ಕು ದಿನದಿಂದ ಮೊದಲ ಸಲ ಉಸಿರು ಸಲೀಸಾಗಿ ಬಂತು. ಶಾಲೆಗೆ ಫೋನು ಮಾಡಿಸಿದೆ. ಆಕೆ ಮಧ್ಯಾಹ್ನದ ಮೇಲೆ ಅರ್ಧ ದಿನ ರಜೆ ಹಾಕಿ ಬಂದರು. ಪುಸ್ತಕ ನೋಡಿದೆ, ನೀವು ಹೇಳಿದ್ದು ಸರಿ ಎಂದೆ. ಅವರ ಮುಖ ಅರಳಿತು. ಆಮೇಲೆ ಪ್ಯಾರಾ ತೆಗೆಯುವ ಮಾತು ಎತ್ತಿದೆ. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು.

“ಅಷ್ಟೇನಾ ಮೇಡಂ? ಬುಡಿ, ತೆಗೆದುಬುಡ್ತೀನಿ. ಈಗ್ಲೇ ಕೂತು ಬರ್ಕೊಡ್ತೀನಿ.” ಚೀಲದಿಂದ ಬಿಳಿ ಹಾಳೆ, ಸ್ಕೇಲು ತೆಗೆದೇಬಿಟ್ಟರು. ಅಂಚಿನ ಗೆರೆ ಎಳೆದರು. ಆಮೇಲೆ ತಲೆ ಎತ್ತದೆ ಕೇಳಿದರು, “ಅಡಿಟಿಪ್ಪಣಿ ನಂಬರ್ ಎಲ್ಲಾ ಒಂದೊಂದು ಹಿಂದಕ್ಕೆ ಬರುತ್ತೆ ಅಲ್ವಾ ಮೇಡಂ? ಹನ್ನೆರಡು ಇದ್ದದ್ದು ಹನ್ನೊಂದಾಗುತ್ತೆ.”

“ಹೌದು” ಎಂದೆ.

“ಪುಸ್ತಕದ ಪಟ್ಟಿಯಿಂದ್ಲೂ ಅವರ ಹೆಸರು ತೆಗೀಬೇಕು ಅಲ್ವಾ? ಬೇರೆಲ್ಲೂ ಅವರನ್ನ ಬಳಸಿಲ್ಲ ನಾನು.” ಅಷ್ಟು ಹೇಳಿ ಹಳೆಯ ಅಸೈನ್‌ಮೆಂಟಿನ ಕೊನೆಯ ಪುಟ ತೆಗೆದು, ಶಾನುಭೋಗರ ಹೆಸರಿನ ಮೇಲೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆಯಲು ಹೋದರು.

ಆಗ ನನಗೆ ತಡೆಯಲಾಗಲಿಲ್ಲ. “ಬೇಡ, ಗೆರೆ ಹೊಡೀಬೇಡಿ” ಎಂದು ಅವರ ಕೈ ಹಿಡಿದುಬಿಟ್ಟೆ. ನಾನು ಆ ಮನುಷ್ಯನ ಮಾತು ತೆಗೆದುಕೊಂಡು ಹೆಸರು ಕೈಬಿಟ್ಟಿದ್ದೆ. ಈಕೆ ಒಂಬತ್ತು ಭಾನುವಾರ ಕೂತು ಆ ಹೆಸರನ್ನು ವಾಪಸ್ ತಂದಿದ್ದರು. ಈಗ ನಾನು ಆಕೆಯ ಕೈಯಿಂದಲೇ ಅದನ್ನು ಎರಡನೇ ಸಲ ಅಳಿಸಲು ಹೊರಟಿದ್ದೆ. ನಾಚಿಕೆ ಅಂದರೆ ಏನು ಎಂದು ಆವತ್ತು ಗೊತ್ತಾಯಿತು.

“ಮೇಡಂ, ನಿಮ್ಗೆ ತೊಂದ್ರೆ ಆಗಲ್ವಾ?”

“ಆಗುತ್ತೆ.”

“ಮತ್ತೆ ನನ್ನ ಪರೀಕ್ಷೆ?”

“ಅದಕ್ಕೇನೂ ಆಗಬಾರದು ಅಂತಾನೇ ಹೇಳ್ತಿರೋದು. ಒಂದಕ್ಷರಾನೂ ಬದಲಾಯಿಸ್ಬೇಡಿ. ಮನೆಗೆ ಹೋಗಿ ಪರೀಕ್ಷೆಗೆ ಓದ್ಕೊಳ್ಳಿ.” ದನಿ ಸ್ವಲ್ಪ ಜೋರಾಯಿತು. ನನಗೆ ಒಳ್ಳೆಯ ಮಾತೂ ಗದರುವ ಹಾಗೆಯೇ ಬರುತ್ತದೆ.

ಶುಕ್ರವಾರ ಬೆಳಗ್ಗೆ ಪಟ್ಟಿ ಹೋಗುವ ಮುಂಚೆ ಸಮಿತಿಗೆ ಕಾಗದ ಬರೆದೆ. ಮೊದಲ ಸಲ ಎರಡು ಪುಟ ಬಂತು. ಬಾಡಿಗೆ ಕೋಣೆ, ಕಿಟಕಿ, ಎಂ.ಫಿಲ್. ಎಲ್ಲ ಸೇರಿಕೊಂಡಿತ್ತು. ಹರಿದೆ. ಎರಡನೆಯದರಲ್ಲಿ ನಾಲ್ಕು ಸಾಲು ಉಳಿಯಿತು. ವಿದ್ಯಾರ್ಥಿನಿಯ ಉದ್ಧರಣೆ ಮೂಲ ಪುಸ್ತಕದೊಡನೆ ಅಕ್ಷರಶಃ ಹೊಂದುತ್ತದೆ. ಏಳನೇ ಘಟಕದಲ್ಲಿ ಅದೇ ಮಾತು ಆಕರವಿಲ್ಲದೆ, ಅಪೂರ್ಣವಾಗಿ ಬಂದಿದೆ. ಅದು ಪಾಠ ಬರೆದ ನನ್ನ ತಪ್ಪು. ವಿದ್ಯಾರ್ಥಿನಿಯ ಮೇಲಿನ ಮೊಹರನ್ನು ತೆಗೆಯಬೇಕು, ಪಾಠಕ್ಕೆ ಒಪ್ಪೋಲೆ ಅಂಟಿಸಬೇಕು. ಒಪ್ಪೋಲೆ ಎಂದರೆ ಪುಸ್ತಕದಲ್ಲಿ ಆದ ತಪ್ಪನ್ನು ಒಪ್ಪಿಕೊಂಡು ಒಳಗೆ ಅಂಟಿಸುವ ಚೀಟಿ. ಜೊತೆಗೆ ನೋಟ್‌ಬುಕ್ಕಿನ ಆ ಹಾಳೆಯ ಎರಡೂ ಬದಿಯ ಜೆರಾಕ್ಸ್ ಇಟ್ಟೆ. ಸಂಯೋಜಕರು ಓದಿ, ನಿಟ್ಟುಸಿರು ಬಿಟ್ಟು, ರುಜು ಹಾಕಿದರು. “ನೀವು ಹಟ ಹಿಡಿದ್ರೆ ದೇವ್ರೂ ಪಕ್ಕಕ್ಕೆ ನಿಂತ್ಕೋಬೇಕು ಕಣ್ರೀ” ಎಂದರು.

ಆಮೇಲಿನ ಮೂರು ವಾರ ನನಗೆ ಯಾವ ಕೆಲಸವೂ ನೆಟ್ಟಗೆ ಆಗಲಿಲ್ಲ. ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಬಾಗಿಲಿಗೆ ಹೋಗುತ್ತಿದ್ದೆ. ಕೊನೆಗೆ ಉತ್ತರ ಬಂತು. ಮೊಹರು ರದ್ದು, ಹಾಲ್ ಟಿಕೆಟ್ ಕೊಡಬಹುದು. ಕೊನೆಯ ಸಾಲಿನಲ್ಲಿ, ಮುಂದಿನ ವರ್ಷದ ಪಾಠ ಪರಿಷ್ಕರಣೆಯನ್ನು ಬೇರೆಯವರಿಗೆ ವಹಿಸತಕ್ಕದ್ದು. ಓದಿ ಅತ್ತೆ. ಆಕೆಗಾಗಿ ಸಂತೋಷ, ನನಗಾಗಿ ದುಃಖ, ಎರಡೂ ಒಟ್ಟಿಗೆ ಬಂತು.

ಒಪ್ಪೋಲೆಯನ್ನು ನಾನೇ ಬರೆದುಕೊಟ್ಟೆ. ಟೈಪಿಸ್ಟ್ ಸ್ಟೆನ್ಸಿಲ್ ಕತ್ತರಿಸಿ, ಸೈಕ್ಲೋಸ್ಟೈಲ್ ಯಂತ್ರದಲ್ಲಿ ತಿರುಗಿಸಿ, ಒಂದು ಹಾಳೆಗೆ ಎಂಟರಂತೆ ಆರುನೂರು ಚೀಟಿ ತೆಗೆದರು. ಒಂದು ಶನಿವಾರ ಮಧ್ಯಾಹ್ನ ನಾನು ಉಗ್ರಾಣದ ನೆಲದಲ್ಲಿ ಕೂತು, ಮೈದಾ ಅಂಟು ಕಲಸಿಕೊಂಡು, ಏಳನೇ ಘಟಕದ ಪುಸ್ತಕಗಳಿಗೆ ಒಂದೊಂದಾಗಿ ಅಂಟಿಸುತ್ತಿದ್ದೆ. ಹಾಲ್ ಟಿಕೆಟ್ ತೆಗೆದುಕೊಳ್ಳಲು ಬಂದಿದ್ದ ಟೀಚರ್ ಬಾಗಿಲಲ್ಲಿ ನಿಂತು ನೋಡಿದರು. ಚಪ್ಪಲಿ ಬಿಟ್ಟು ಒಳಗೆ ಬಂದು, ಎದುರಿಗೆ ಕೂತು, ಒಂದು ಚೀಟಿ ಎತ್ತಿಕೊಂಡು ಓದಿದರು. ಎರಡು ಸಲ ಓದಿದರು. ಮತ್ತೆ ನೆಲ ನೋಡಿದರು.

ಆ ನೋಟದ ಅರ್ಥ ನನಗೆ ಈಗ ಗೊತ್ತಿತ್ತು. “ಏನ್ರೀ? ಹೇಳಿ, ಪರವಾಗಿಲ್ಲ.”

“ಅದು... ಲೇಖಕರ ಹೆಸರಿದೆ, ಪುಸ್ತಕ ಇದೆ, ಊರು, ವರ್ಷ ಎಲ್ಲಾ ಇದೆ ಮೇಡಂ. ಪುಟ ಇಲ್ವಲ್ಲಾ?”

ಚೀಟಿ ಕಿತ್ತುಕೊಂಡು ನೋಡಿದೆ. ಇರಲಿಲ್ಲ. ಬರೆಯುವಾಗ ಆ ಜಾಗ ಖಾಲಿ ಬಿಟ್ಟದ್ದು ನೆನಪಾಯಿತು. ವಾಚನಾಲಯದಲ್ಲಿ ಪುಟ ಗುರುತು ಹಾಕಿಕೊಂಡಿದ್ದ ನೋಟ್‌ಬುಕ್ ಪಕ್ಕದ ಕೋಣೆಯಲ್ಲಿತ್ತು, ಆಮೇಲೆ ನೋಡಿ ತುಂಬಿದರಾಯಿತು ಎಂದುಕೊಂಡಿದ್ದೆ. ಟೈಪಿಸ್ಟ್ ಪಾಪ ಖಾಲಿ ಜಾಗವನ್ನು ಕೂಡಿಸಿ ಅಚ್ಚುಕಟ್ಟು ಮಾಡಿದ್ದರು. ಆರುನೂರು ಚೀಟಿ! ಅದರಲ್ಲಿ ಎಪ್ಪತ್ತೋ ಎಂಬತ್ತೋ ಆಗಲೇ ಅಂಟಿಯಾಗಿತ್ತು. ಹಣೆ ಹಣೆ ಚಚ್ಚಿಕೊಂಡು ನಕ್ಕೆ. ಆಕೆ ಮೊದಲು ಹೆದರಿ, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ನಾನು ನೋಟ್‌ಬುಕ್ ಹುಡುಕಲು ಏಳಲು ಹೋದೆ. ಆಕೆ ಚೀಲದಿಂದ ಎರಡು ಪೆನ್ನು ತೆಗೆದು ಒಂದನ್ನು ನನ್ನ ಕಡೆ ಚಾಚಿದರು.

“ಕೂತ್ಕೊಳ್ಳಿ ಮೇಡಂ. ನಲವತ್ತಮೂರು.”

ಕಟ್ಟನ್ನು ಎರಡು ಪಾಲು ಮಾಡಿ, ದಪ್ಪನೆಯದನ್ನು ತನ್ನ ಮುಂದೆ ಎಳೆದುಕೊಂಡು ಬರೆಯಲು ಶುರುಮಾಡಿದರು.